ಬಾವಿ ನೀರಿನ ಬಡಾಯಿ

ಬಾಲಿಗೋ ಬ್ಯಾಂಕಾಕಿಗೋ ಮಕ್ಕಳನ್ನು ಕಟ್ಟಿಕೊಂಡು ಹೊರಟ ಬೆಂಗಳೂರಿನ ಪ್ರತಿ ಗುಂಪಿನಲ್ಲೂ ಒಬ್ಬ ಅಪ್ಪ ಇರ್ತಾನೆ. ಹೆಂಡತಿ "ಆ ಜ್ಯೂಸಿಗೆ ಐಸ್ ಬೇಡ ಅಂತ ಹೇಳು" ಅಂದ ಕೂಡಲೇ ಅವನ ಡೈಲಾಗ್ ರೆಡಿ. "ಏನೂ ಆಗಲ್ಲ ಬಿಡೇ. ನಾವೆಲ್ಲ ಬಾವಿ ನೀರು ಕುಡಿದು ಬೆಳೆದಿಲ್ವಾ? ಇವರಿಗೂ ಸ್ವಲ್ಪ ಇಮ್ಯುನಿಟಿ ಬರ್ಲಿ."

ಆಫೀಸ್ ಕೆಫೆಟೇರಿಯಾದಲ್ಲಿ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ, ವಿಮಾನ ನಿಲ್ದಾಣದ ಕ್ಯೂನಲ್ಲಿ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದಕ್ಕೆ ಉತ್ತರ ಕೊಡೋ ಅರ್ಹತೆ ನನಗೆ ಸ್ವಲ್ಪ ಇದೆ ಅಂದುಕೊಂಡಿದ್ದೀನಿ. ಯಾಕಂದ್ರೆ ನಾನು ನಿಜಕ್ಕೂ ಅಂಥ ನೀರು ಕುಡಿದು ಬೆಳೆದವನು. ಪಾವಗಡ ತಾಲ್ಲೂಕಿನ ಹಳ್ಳಿ. ನಮ್ಮನೆಯ ವಾಟರ್ ಫಿಲ್ಟರ್ ಅಂದ್ರೆ ಬಿಂದಿಗೆ ಬಾಯಿಗೆ ಕಟ್ಟಿದ ಹಳೇ ಪಂಚೆ ತುಂಡು.

ಆ ನೀರು ನಮಗೆ ಏನು ಕೊಡ್ತು ಅಂತ ನೋಡಬೇಕಾ? ನಮ್ಮ ಸೀಮೆಯವರನ್ನು ಒಂದ್ಸಲ ನಗಿಸಿ, ಹಲ್ಲು ನೋಡಿ. ಕಂದು ಗೆರೆಗಳು. ಫ್ಲೋರೈಡ್ ಇರೋ ಅಂತರ್ಜಲ ಬರೆದ ಸಹಿ ಅದು. ವಯಸ್ಸಾದವರಲ್ಲಿ ಕೆಲವರ ಮಂಡಿ, ಬೆನ್ನು ನೋಡಿದ್ರೆ ಇನ್ನೂ ಗೊತ್ತಾಗುತ್ತೆ. ಫ್ಲೋರೈಡಿಗೂ ಪ್ರವಾಸದ ಭೇದಿಗೂ ಸಂಬಂಧ ಇಲ್ಲ, ನಿಜ. ಆದ್ರೆ "ಹಳ್ಳಿ ನೀರು ಅಮೃತ" ಅನ್ನೋ ಕಥೆಗೂ ಹಳ್ಳಿ ನೀರಿಗೂ ಇರೋ ದೂರ ಎಷ್ಟು ಅನ್ನೋದಕ್ಕೆ ಇಷ್ಟು ಸಾಕು.

ಇನ್ನು ಭೇದಿಯ ಲೆಕ್ಕ ಬೇಕಾ? ನಮ್ಮಜ್ಜಿಯನ್ನು ಯಾರಾದ್ರೂ "ಮಕ್ಕಳೆಷ್ಟಮ್ಮ" ಅಂತ ಕೇಳಿದ್ರೆ ಒಂದು ಸಂಖ್ಯೆ ಹೇಳ್ತಿರಲಿಲ್ಲ, ಎರಡು ಹೇಳೋಳು. "ಹೆತ್ತಿದ್ದು ಒಂಬತ್ತು, ದಕ್ಕಿದ್ದು ಐದು." ಉಳಿದ ನಾಲ್ಕು ಏನಾದವು ಅಂದ್ರೆ ಒಂದೇ ಪದ, ವಾಂತಿಭೇದಿ. ಅಳು ಇಲ್ಲ, ವಿವರ ಇಲ್ಲ. ಆ ತಲೆಮಾರಿನ ಹೆಂಗಸರಿಗೆ ಅದು ಮಳೆ ಬರಲಿಲ್ಲ ಅಂದಷ್ಟೇ ಸಹಜ. ನಮ್ಮ ಪೀಳಿಗೆ ಹುಟ್ಟಿದ 1990ರ ಸುಮಾರಿಗೂ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 120ಕ್ಕೂ ಹೆಚ್ಚು ಮಕ್ಕಳು 5 ವರ್ಷ ತುಂಬೋದರೊಳಗೆ ಸಾಯ್ತಿದ್ರು. ಈಗ ಅದು 30ರ ಆಸುಪಾಸಿಗೆ ಇಳಿದಿದೆ. ಅಂದಿನ ಸಾವುಗಳ ದೊಡ್ಡ ಕಾರಣಗಳಲ್ಲಿ ಭೇದಿಯೂ ಒಂದು.

ಆಫೀಸಲ್ಲಿ "ಸರ್ವೈವರ್‌ಶಿಪ್ ಬಯಾಸ್" ಅಂತ ಸ್ಲೈಡ್ ಹಾಕಿ ಎರಡನೇ ಮಹಾಯುದ್ಧದ ವಿಮಾನದ ಚಿತ್ರ ತೋರಿಸೋರು ನಾವೇ. ವಾಪಸ್ ಬಂದ ವಿಮಾನಗಳ ಗುಂಡಿನ ತೂತು ಮಾತ್ರ ಎಣಿಸಿದ್ರೆ ತಪ್ಪು ತೀರ್ಮಾನ ಆಗುತ್ತೆ ಅಂತ ಜೂನಿಯರ್‌ಗಳಿಗೆ ಪಾಠ ಹೇಳೋರೂ ನಾವೇ. "ನಾವು ಬಾವಿ ನೀರು ಕುಡಿದು ಬೆಳೆದ್ವಲ್ಲ" ಅನ್ನೋದು ಅದೇ ತಪ್ಪು ಸ್ವಾಮಿ. ಬೆಳೆದವರು ಮಾತಾಡ್ತಿದ್ದೀವಿ. ಬೆಳೆಯದೇ ಹೋದವರು ಈ ವಾದಕ್ಕೆ ಬರೋದಿಲ್ಲ. ನಮ್ಮಜ್ಜಿಯ ಆ ನಾಲ್ಕು ಮಕ್ಕಳು ಯಾವ ವಾಟ್ಸಾಪ್ ಗ್ರೂಪಲ್ಲೂ ಇಲ್ಲ.

ಸರಿ, ನಿಮ್ಮದು ನಿಜವಾಗಲೂ ಕಲ್ಲು ಕರಗಿಸೋ ಹೊಟ್ಟೆ ಅಂತಲೇ ಇಟ್ಕೊಳ್ಳೋಣ. ಅದು ನಿಮ್ಮ ಮಗನಿಗೆ ಬರುತ್ತಾ? ಊರಿನ ಜಮೀನು ಬರಬಹುದು, ಹಟ ಬರಬಹುದು, ಇದು ಬರಲ್ಲ. ಬೆಳ್ಳಂದೂರಿನ ಫ್ಲಾಟಿನಲ್ಲಿ ಹುಟ್ಟಿದ ದಿನದಿಂದ ಆರ್‌ಒ ನೀರು ಕುಡಿದ ಮಗು ಅದು. ಅಷ್ಟೇ ಅಲ್ಲ, ನಿಮ್ಮ ಹೊಟ್ಟೆಗೂ ಅಲ್ಲಿ ಗ್ಯಾರಂಟಿ ಇಲ್ಲ. ಪ್ರವಾಸಿಗರ ಭೇದಿಗೆ ಎಲ್ಲಕ್ಕಿಂತ ಹೆಚ್ಚು ಕಾರಣವಾಗೋ ಬ್ಯಾಕ್ಟೀರಿಯಾ ಇ. ಕೊಲೈನ ಒಂದು ಜಾತಿ. ಅದರಲ್ಲೇ ಹತ್ತಾರು ತಳಿಗಳು. ಒಂದು ತಳಿಯ ವಿರುದ್ಧ ದೇಹ ಕಲಿತ ಪಾಠ ಇನ್ನೊಂದಕ್ಕೆ ಪೂರ್ತಿ ಉಪಯೋಗಕ್ಕೆ ಬರಲ್ಲ, ಕಲಿತದ್ದೂ ವರ್ಷ ಕಳೆದಂತೆ ಮರೆತುಹೋಗುತ್ತೆ. ಹಳೇ ವರ್ಷನ್ನಿಗೆ ಬರೆದ ಪ್ಯಾಚ್ ಹೊಸ ಬಗ್ ಹಿಡಿಯುತ್ತೆ ಅಂತ ಕೂತಿರೋ ಹಾಗೆ ಇದು. ದೊಡ್ಡವರಿಗಾದ್ರೆ ಎರಡು ದಿನ ಬಾತ್‌ರೂಮಿಗೆ ಓಡಾಟ. ಮೂರು ವರ್ಷದ ಮಗುವಿನ ಮೈಯಲ್ಲಿರೋ ನೀರಿನ ಲೆಕ್ಕವೇ ಬೇರೆ. ನಾಲ್ಕೈದು ಸಲ ಭೇದಿ, ಜೊತೆಗೆ ವಾಂತಿ ಆದ್ರೆ ಅರ್ಧ ದಿನದಲ್ಲೇ ಕಣ್ಣು ಗುಳಿ ಬೀಳಬಹುದು. ಬಾಯಾರಿಕೆ ಅಂತ ಹೇಳೋಕೂ ಅದಕ್ಕೆ ಬರಲ್ಲ.

ಇಲ್ಲಿ ಸ್ವಲ್ಪ ಓದಿಕೊಂಡವರು ಎದ್ದು ನಿಲ್ತಾರೆ. "ಹೈಜೀನ್ ಹೈಪಾಥಿಸಿಸ್ ಗೊತ್ತಿಲ್ವಾ? ಮಕ್ಕಳಿಗೆ ಸ್ವಲ್ಪ ಕೊಳೆ ಬೇಕು." ಗೊತ್ತು. 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್ ಬರೆದದ್ದು ಅಲರ್ಜಿಯ ಬಗ್ಗೆ. ಒಡಹುಟ್ಟಿದವರು ಹೆಚ್ಚಿರೋ ಮನೆಯ ಮಕ್ಕಳಿಗೆ ಅಲರ್ಜಿಯ ನೆಗಡಿ ಯಾಕೆ ಕಮ್ಮಿ ಅನ್ನೋ ಪ್ರಶ್ನೆ ಅದು. ಆಮೇಲಿನ ಸಂಶೋಧಕರು ಇದನ್ನು ತಿದ್ದಿ, ಮಗುವಿಗೆ ಬೇಕಾಗಿರೋದು ಮಣ್ಣಿನ, ದನಕರುಗಳ, ಗಿಡಮರಗಳ ನಿರುಪದ್ರವಿ ಸೂಕ್ಷ್ಮಜೀವಿಗಳ ಸಹವಾಸ ಅಂದ್ರು. ಸಹವಾಸ ಮಾಡಿಸಿ, ಯಾರು ಬೇಡ ಅಂದ್ರು? ಬೀಚಿನ ಮರಳಲ್ಲಿ ಹೊರಳಾಡಲಿ, ಮರ ಹತ್ತಲಿ, ಊರಿಗೆ ಹೋದಾಗ ಕರು ಮುಟ್ಟಲಿ. ಆದ್ರೆ ಕುಡಿಯೋ ನೀರಿಗೆ ಚರಂಡಿ ಸೇರಿದ್ರೆ ಅದರಲ್ಲಿರೋದು ಗೆಳೆಯರಲ್ಲ. ಟೈಫಾಯ್ಡು, ಕಾಮಾಲೆ, ರೋಟಾವೈರಸ್ ಇವೆಲ್ಲ ಯಾವ ಮಗುವಿಗೂ ಟ್ರೈನಿಂಗ್ ಕೊಡೋಕೆ ಬಂದವಲ್ಲ.

ಇನ್ನೊಂದು ವಾದ ಕೇಳೋಕೆ ಚೆಂದ. "ಲೋಕಲ್ ಜನರ ಥರ ಇರಬೇಕಪ್ಪ, ಆಗಲೇ ಪ್ರವಾಸ." ಬಹಳ ಸಂತೋಷ. ಲೋಕಲ್ ಜನ ಏನು ಮಾಡ್ತಾರೆ ಅಂತ ನೋಡಿದ್ದೀರಾ? ಇಂಡೋನೇಷ್ಯಾದವರು ನಲ್ಲಿ ನೀರನ್ನ ಹಾಗೇ ಕುಡಿಯಲ್ಲ. ಕುದಿಸ್ತಾರೆ, ಇಲ್ಲಾ 19 ಲೀಟರಿನ ಕ್ಯಾನ್ ತರಿಸ್ತಾರೆ. ಕುದಿಸಿದ ನೀರಿಗೆ ಅವರ ಭಾಷೆಯಲ್ಲಿ "ಆಯಿರ್ ಮಾತಾಂಗ್" ಅಂತಾರೆ, ಬೆಂದ ನೀರು ಅಂತ ಅರ್ಥ. ವಿಯೆಟ್ನಾಮಿನ ಮನೆಗಳಲ್ಲೂ ಕುದಿಸೋ ರೂಢಿ ಇದೆ. ಚೀನಾದಲ್ಲಿ ರೈಲಿನ ಬೋಗಿಯಲ್ಲೂ ಬಿಸಿ ನೀರಿನ ನಲ್ಲಿ ಇರುತ್ತೆ, ಜನ ಕೈಯಲ್ಲಿ ಫ್ಲಾಸ್ಕ್ ಹಿಡಿದೇ ಓಡಾಡ್ತಾರೆ. ಅಲ್ಲಿ ನಲ್ಲಿ ನೀರು ಕುಡಿದು ಸಾಹಸ ಮಾಡೋನು ಒಬ್ಬನೇ, ನಮ್ಮ ಬಾವಿ ನೀರಿನ ವೀರ.

ನಮ್ಮ ಹಳ್ಳಿಯೂ ಈ ವೀರನ ಪರ ಇಲ್ಲ. ಬಾಣಂತಿಗೆ, ಕೂಸಿಗೆ ಕೊಡ್ತಿದ್ದದ್ದು ಕಾದಾರಿದ ನೀರು. ಲೋಟ ಎತ್ತಿ ಕುಡಿ, ಎಂಜಲು ಮಾಡಬೇಡ ಅಂತ ಬೈಸಿಕೊಳ್ಳದ ಮಗು ಇರಲಿಲ್ಲ. ಮುದ್ದೆ ಉಣ್ಣೋದು ಒಲೆಯಿಂದ ಇಳಿದ ಕೂಡಲೇ, ಕೈ ಸುಡುವಾಗಲೇ. ಅಜ್ಜಿಗೆ ಬ್ಯಾಕ್ಟೀರಿಯಾ ಅನ್ನೋ ಪದ ಗೊತ್ತಿರಲಿಲ್ಲ. ನಾಲ್ಕು ಮಕ್ಕಳನ್ನು ಕಳಕೊಂಡ ಮೇಲೆ ಉಳಿದ ಐವರನ್ನು ಹೇಗೆ ಉಳಿಸಿಕೊಳ್ಳಬೇಕು ಅನ್ನೋದು ಗೊತ್ತಿತ್ತು. ಹಳ್ಳಿಯ ಹೆಸರಲ್ಲಿ ಬಡಾಯಿ ಕೊಚ್ಚೋರು ಆ ಅಜ್ಜಿಯರ ಎಚ್ಚರವನ್ನು ಬಿಟ್ಟು ಬಂದು, ಅವರ ಬಡತನವನ್ನು ಮಾತ್ರ ಪೌರುಷ ಅಂತ ಹೊತ್ತು ತಂದಿದ್ದಾರೆ.

ಹಾಗಂತ ಎದುರು ಪಾರ್ಟಿಯನ್ನು ಸುಮ್ಮನೆ ಬಿಡೋ ಹಾಗಿಲ್ಲ. ಅವರದ್ದು ರೈಸ್ ಕುಕ್ಕರ್ ಪಾರ್ಟಿ. ಏಳು ದಿನದ ಟ್ರಿಪ್ಪಿಗೆ ಒಂದು ಸೂಟ್‌ಕೇಸ್ ಪೂರ್ತಿ ಅಕ್ಕಿ, ಬೇಳೆ, ಗೊಜ್ಜು, ಚಟ್ನಿಪುಡಿ. ತಿನ್ನಲಿ, ನನಗೇನೂ ತಕರಾರಿಲ್ಲ. ಆದ್ರೆ "ಮನೆ ಊಟ, ಸೇಫ್" ಅಂತ ಬೆಳಿಗ್ಗೆ 6ಕ್ಕೆ ಹೋಟೆಲ್ ರೂಮಲ್ಲಿ ಪಲಾವ್ ಮಾಡಿ, ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ, ಆ ಸೆಕೆಯಲ್ಲಿ ದೋಣಿ ಹತ್ತಿ, ಮಧ್ಯಾಹ್ನ 2ಕ್ಕೆ ಮಗುವಿಗೆ ತಿನ್ನಿಸ್ತಾರಲ್ಲ, ಅಲ್ಲಿದೆ ಎಡವಟ್ಟು. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಾಣುಗಳು ಇರ್ತವೆ. ಕುಕ್ಕರಿನ ಶಾಖಕ್ಕೂ ಅವು ಸಾಯಲ್ಲ. ಬೆಚ್ಚಗೆ ಮುಚ್ಚಿಟ್ಟ ಡಬ್ಬಿಯಲ್ಲಿ ಮೊಳೆತು ವಿಷ ಬಿಡ್ತವೆ. ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದ್ರೂ ಹೋಗಲ್ಲ. ಬೇಯಿಸಿದ ಊಟ ಹೊರಗೆ ಇರಬಹುದಾದದ್ದು ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಎಂಟು ಗಂಟೆ ಡಬ್ಬಿಯಲ್ಲಿದ್ದ ಮನೆ ಪಲಾವಿಗಿಂತ ನಮ್ಮ ಕಣ್ಣೆದುರೇ ಬಾಣಲೆಯಲ್ಲಿ ಹುರಿದು ಹೊಗೆಯಾಡ್ತಾ ಕೊಟ್ಟ ಬೀದಿ ಬದಿ ನೂಡಲ್ಸ್ ಎಷ್ಟೋ ವಾಸಿ.

ಇದೇ ಪಾರ್ಟಿ ಸಿಂಗಪುರಕ್ಕೆ ಹೋದ್ರೂ ನೀರಿನ ಬಾಟಲಿ ಹೊತ್ತು ತಿರುಗುತ್ತೆ. ಸಿಂಗಪುರದಲ್ಲಿ, ಜಪಾನಿನಲ್ಲಿ ನಲ್ಲಿ ನೀರನ್ನು ನೇರ ಕುಡೀಬಹುದು. ಸ್ವಿಟ್ಜರ್ಲೆಂಡಿನ ಬೀದಿ ಕಾರಂಜಿಯ ನೀರೂ ಕುಡಿಯೋಕೆ ಯೋಗ್ಯ, "ಇದು ಕುಡಿಯೋ ನೀರಲ್ಲ" ಅಂತ ಬೋರ್ಡ್ ಇದ್ದ ಕಡೆ ಬಿಟ್ಟು. ಎಲ್ಲಾ ದೇಶಕ್ಕೂ ಒಂದೇ ಭಯ, ಎಲ್ಲಾ ದೇಶಕ್ಕೂ ಒಂದೇ ಉಡಾಫೆ, ಎರಡೂ ಸೋಮಾರಿತನವೇ. ಹೋಗೋ ಜಾಗದ ನೀರು ಹೇಗಿದೆ ಅಂತ ಐದು ನಿಮಿಷ ಓದೋ ಶ್ರಮ ಇಬ್ಬರಿಗೂ ಬೇಡ.

ಹಾಗಾದ್ರೆ ಬೇಕಾಗಿರೋದೇನು? ಕೆಲಸ. ದುಡ್ಡಲ್ಲ, ಗ್ಯಾಜೆಟ್ಟಲ್ಲ. ಹೊಸ ಹೊಸ ಫಿಲ್ಟರ್ ಬಾಟಲಿ ತೋರಿಸ್ತಾರಲ್ಲ, ಅವುಗಳಲ್ಲಿ ಬಹಳಷ್ಟು ಬ್ಯಾಕ್ಟೀರಿಯಾ ಹಿಡಿದ್ರೂ ವೈರಸ್ ಹಿಡಿಯಲ್ಲ. ಹೋಟೆಲ್ ರೂಮಿನ ಕೆಟಲ್ ಎರಡನ್ನೂ ಕೊಲ್ಲುತ್ತೆ, ಬಿಟ್ಟಿಯಾಗಿ. ನೀರು ಗುಳ್ಳೆ ಎದ್ದು ಒಂದು ನಿಮಿಷ ಕುದೀಬೇಕು. ಕೆಟಲ್ ತಾನಾಗೇ ಆಫ್ ಆದ್ರೆ ಇನ್ನೊಂದ್ಸಲ ಒತ್ತಿ. 2,000 ಮೀಟರಿಗಿಂತ ಎತ್ತರದ ಊರಾದ್ರೆ ಮೂರು ನಿಮಿಷ. ರಾತ್ರಿ ಕುದಿಸಿ ಮುಚ್ಚಿಟ್ರೆ ಬೆಳಿಗ್ಗೆ ಸ್ಟೀಲ್ ಬಾಟಲಿಗೆ ತುಂಬಬಹುದು. ಬಾಟಲಿ ನೀರು ಕೊಳ್ಳೋದಾದ್ರೆ ಮುಚ್ಚಳದ ಸೀಲ್ ನಿಮ್ಮ ಕೈಯಲ್ಲೇ ಒಡೀಲಿ.

ಅಷ್ಟೆಲ್ಲ ಮಾಡಿ ಮಗುವಿನ ಬ್ರಷ್ಷನ್ನು ಬಾಲಿಯ ನಲ್ಲಿ ನೀರಲ್ಲಿ ತೊಳೆದ್ರೆ ಏನು ಬಂತು? ಹಲ್ಲುಜ್ಜೋಕೂ ಅದೇ ಕುದಿಸಿದ ನೀರು. ಷವರಿನ ಕೆಳಗೆ ಬಾಯಿ ತೆರೆದು ಕುಣಿಯೋ ಆಟ ಮನೆಗೆ ಬಂದ ಮೇಲೆ. ಐಸ್ ಅನ್ನೋದು ನೀರೇ, ತಣ್ಣಗಾದ ತಕ್ಷಣ ಅದರಲ್ಲಿರೋ ಕ್ರಿಮಿ ಸಾಯಲ್ಲ. ಯಾವ ನೀರಿಂದ ಮಾಡಿದ್ದು ಅಂತ ಗೊತ್ತಿಲ್ಲದ ಐಸು ಮಗುವಿನ ಲೋಟಕ್ಕೆ ಬೇಡ.

ಊಟದ ಲೆಕ್ಕ ಇನ್ನೂ ಸುಲಭ. ಹೊಗೆಯಾಡ್ತಾ ಬಂದದ್ದು ತಿನ್ನಿ, ನಿಮ್ಮ ಕೈಯಲ್ಲೇ ಸಿಪ್ಪೆ ಸುಲಿದದ್ದು ತಿನ್ನಿ. ಬಾಳೆಹಣ್ಣು, ರಂಬುಟಾನ್, ಮ್ಯಾಂಗೋಸ್ಟೀನ್, ಕಿತ್ತಳೆ, ಆ ದೇಶಗಳಲ್ಲಿ ಸಿಪ್ಪೆ ಇರೋ ಹಣ್ಣಿಗೇನು ಬರ. ಹೆಚ್ಚಿಟ್ಟ ಹಣ್ಣಿನ ತಟ್ಟೆ, ಹಸಿ ಸಲಾಡ್ ಬೇಡ. ಪಂಚತಾರಾ ಹೋಟೆಲಿನ ಬಫೆ ಅಂತ ಕಣ್ಣು ಮುಚ್ಚಿ ನಂಬಬೇಡಿ. 7 ಗಂಟೆಗೆ ಇಟ್ಟದ್ದು 10 ಗಂಟೆಗೆ ಉಗುರು ಬೆಚ್ಚಗೆ ಕೂತಿರುತ್ತೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ಕ್ರಿಮಿಗಳ ಪಾಲಿಗೆ ಹಬ್ಬ. ಪಕ್ಕದಲ್ಲೇ ನಿಂತವನಿಗೆ ಹೇಳಿ, ಬಿಸಿಯಾಗಿ ಆಮ್ಲೆಟ್ಟೋ ದೋಸೆಯೋ ಹಾಕಿಸ್ಕೊಳ್ಳಿ. ಬಾಟಲಿ ಹಾಲಿನ ಕೂಸಿದ್ರೆ ಒಂದು ವಿಷಯ ನೆನಪಿರಲಿ. ಹಾಲಿನ ಪುಡಿಯೇ ಕ್ರಿಮಿರಹಿತ ಅಲ್ಲ. ಅದಕ್ಕೇ ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಇಳಿಯೋ ಮುಂಚೆ ಪುಡಿ ಬೆರೆಸಿ, ಆಮೇಲೆ ಬಾಟಲಿ ಆರಿಸಿ ಕುಡಿಸಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕೈಗೆ ಸೋಪು ನೀರೇ ಮೊದಲು. ಕೆಲವು ಹೊಟ್ಟೆ ವೈರಸ್‌ಗಳು ಸ್ಯಾನಿಟೈಸರಿಗೆ ಬಗ್ಗಲ್ಲ.

ಇಷ್ಟು ಮಾಡಿದ್ರೂ ಒಮ್ಮೊಮ್ಮೆ ಹೊಟ್ಟೆ ಕೆಡಬಹುದು. ಅದಕ್ಕೆ ಬ್ಯಾಗಲ್ಲಿ ಇರಲೇಬೇಕಾದ ವಸ್ತು ಓಆರ್‌ಎಸ್ ಪುಡಿ. ಇದರ ಹಿಂದೆ ನಮ್ಮವರೊಬ್ಬರ ಕಥೆ ಇದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯ್ತಿದ್ದಾಗ, ನರಕ್ಕೆ ಏರಿಸೋ ಸಲೈನ್ ಮುಗಿದುಹೋಯ್ತು. ಡಾ. ದಿಲೀಪ್ ಮಹಲನಬಿಸ್ ಸಕ್ಕರೆ ಅಂಶದ ಗ್ಲೂಕೋಸು, ಉಪ್ಪು, ಸೋಡಾ ಬೆರೆಸಿದ ನೀರನ್ನು ಕುಡಿಸೋಕೆ ಶುರು ಮಾಡಿದ್ರು. ಶೇ. 30ರ ಸುತ್ತ ಇದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗೆ ಬಂತು. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು. ನಮ್ಮಜ್ಜಿಯ ಕಾಲದಲ್ಲಿ ಹಳ್ಳಿಗೆ ತಲುಪದ ಆ ಪುಡಿ ಇವತ್ತು ಬೀದಿ ಮೂಲೆಯ ಮೆಡಿಕಲ್ ಸ್ಟೋರಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ.

ಆದ್ರೆ ನಾವು ಕೊಳ್ತಿದ್ದದ್ದೇನು? ಹೆಸರಲ್ಲಿ ಓಆರ್‌ಎಸ್ ಅಂತಿದ್ದ, ಸಕ್ಕರೆ ತುಂಬಿದ ಬಣ್ಣದ ಟೆಟ್ರಾ ಪ್ಯಾಕು. ಹೆಚ್ಚು ಸಕ್ಕರೆ ಭೇದಿಯನ್ನು ಇನ್ನೂ ಹೆಚ್ಚಿಸಬಹುದು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರು ಬಳಸಬಾರದು ಅಂತ ಆದೇಶ ಹೊರಡಿಸಿತು. ಸೂತ್ರದ ಪ್ರಕಾರ ಒಂದು ಲೀಟರಿನ ಪ್ಯಾಕೆಟ್ 20.5 ಗ್ರಾಂ, ಅದರಲ್ಲಿ ಗ್ಲೂಕೋಸು 13.5 ಗ್ರಾಂ. ಒಂದು ಲೀಟರಿನ ಪ್ಯಾಕೆಟ್ಟನ್ನು ಸರಿಯಾಗಿ ಒಂದು ಲೀಟರಿಗೇ ಹಾಕಿ. "ಸ್ಟ್ರಾಂಗ್ ಇರ್ಲಿ" ಅಂತ ಒಂದು ಲೋಟಕ್ಕೆ ಸುರಿದ್ರೆ ಮಗುವಿನ ರಕ್ತದಲ್ಲಿ ಉಪ್ಪು ಏರಿ ಅದೇ ಅಪಾಯ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕೊಡಿ. ಬೆರೆಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಿ. ಎದೆಹಾಲು, ಊಟ ನಿಲ್ಲಿಸಬೇಡಿ. ಭೇದಿ ಕಟ್ಟೋ ಮಾತ್ರೆ, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಗುವಿಗೆ ನೀವಾಗೇ ಕೊಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ಅಳುವಾಗ ಕಣ್ಣೀರು ಬರದಿರೋದು, ಆರೇಳು ಗಂಟೆ ಮೂತ್ರ ಇಲ್ಲದಿರೋದು, ಮಗು ಮಂಕಾಗಿ ಜೋತುಬೀಳೋದು, ಇದರಲ್ಲಿ ಒಂದು ಕಂಡ್ರೂ ಗೂಗಲ್ ಮುಚ್ಚಿ ಆಸ್ಪತ್ರೆಗೆ ಹೋಗಿ. ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಆಗಿದೆಯಾ ಅಂತ ಟಿಕೆಟ್ ಬುಕ್ ಮಾಡಿದ ವಾರವೇ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಮೇಲೆ ಹೇಳಿದ ಕೆಲಸಗಳನ್ನೆಲ್ಲ ಈಗಲೂ ಯಾರೋ ಮಾಡ್ತಿದ್ದಾರೆ. ಯಾರು? ಟ್ರಿಪ್ಪಿನಲ್ಲಿ ಅಪ್ಪ ಗೋಪ್ರೊ ಹಿಡೀತಾನೆ, ಅಮ್ಮ ಕೆಟಲ್ ಹಿಡೀತಾಳೆ. ರಾತ್ರಿ ನೀರು ಕುದಿಸೋಳು, ಬಾಟಲಿ ತುಂಬೋಳು, ಮಗುವಿನ ಕೈ ತೊಳೆಸೋಳು, ವೇಟರ್ ಹತ್ರ ಐಸ್ ಬೇಡ ಅಂತ ಮೂರು ಸಲ ಹೇಳೋಳು ಅವಳೇ. ಅವಳಿಗೆ ಸಿಗೋ ಬಿರುದು "ಪ್ಯಾರನಾಯ್ಡ್". ಅವನದ್ದು "ಚಿಲ್". ಮಗು ಆರಾಮಾಗಿ ವಾಪಸ್ ಬಂದ್ರೆ "ನೋಡಿದ್ಯಾ, ಏನೂ ಆಗ್ಲಿಲ್ಲ" ಅಂತ ಮೀಸೆ ತಿರುವೋನೂ ಅವನೇ. ಏನೂ ಆಗಲಿಲ್ಲ ಯಾಕಂದ್ರೆ ಅವಳು ಆಗೋಕೆ ಬಿಡಲಿಲ್ಲ ಕಣಪ್ಪ! ರಾತ್ರಿಯೆಲ್ಲ ಎದ್ದು ಸರ್ವರ್ ಕಾಯೋ ಟೀಮ್ ಇದ್ದದ್ದಕ್ಕೇ ಸೈಟ್ ಬೀಳಲಿಲ್ಲ ಅನ್ನೋದು ಆಫೀಸಲ್ಲಿ ನಮಗೆಲ್ಲ ಅರ್ಥ ಆಗುತ್ತೆ. ಮನೆಯಲ್ಲಿ ಯಾಕೆ ಆಗಲ್ಲ?

ಇಮ್ಯುನಿಟಿಯ ಮಾತು ಇಷ್ಟು ಜನಪ್ರಿಯ ಆಗಿರೋದು ಇದಕ್ಕೇ. ಅದು ವಿಜ್ಞಾನವೂ ಅಲ್ಲ, ಹಳ್ಳಿಯ ಜ್ಞಾನವೂ ಅಲ್ಲ. ಕೆಲಸ ತಪ್ಪಿಸಿಕೊಳ್ಳೋಕೆ ಸಿಕ್ಕ ಗೌರವದ ನೆಪ. "ನನಗೆ ಎದ್ದು ನೀರು ಕುದಿಸೋಕೆ ಬೇಜಾರು" ಅಂದ್ರೆ ಮರ್ಯಾದೆ ಹೋಗುತ್ತೆ. "ಬಾವಿ ನೀರು ಕುಡಿದು ಬೆಳೆದೋನು" ಅಂದ್ರೆ ಮಣ್ಣಿನ ಮಗ ಆಗ್ತೀವಿ.

"ಹೀಗೆಲ್ಲ ನೋಡ್ತಾ ಕೂತ್ರೆ ಟ್ರಿಪ್ಪಿನ ಮಜಾ ಎಲ್ಲಿ ಉಳೀತು" ಅಂತೀರಾ? ದಿನಕ್ಕೆ ಹದಿನೈದು ನಿಮಿಷದ ಕೆಲಸ ಇದು. ಇಬ್ಬರು ಹಂಚಿಕೊಂಡ್ರೆ ಏಳೂವರೆ. ಏರ್‌ಪೋರ್ಟಲ್ಲಿ ಡ್ಯೂಟಿ ಫ್ರೀ ಅಂಗಡಿ ಸುತ್ತೋಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಮಜಾ ಹಾಳಾಗೋದು ಕೆಟಲಿನಿಂದಲ್ಲ, ಭಾಷೆ ಬರದ ಊರಿನ ಎಮರ್ಜೆನ್ಸಿ ವಾರ್ಡಿನ ಮುಂದೆ ಡ್ರಿಪ್ ಹಾಕಿಸ್ಕೊಂಡ ಮಗುವನ್ನು ಎತ್ತಿಕೊಂಡು ಕೂತಾಗ.

ಆದ್ದರಿಂದ ಅಪ್ಪಂದಿರೇ, ಮುಂದಿನ ಟ್ರಿಪ್ಪಿಗೆ ನಿಮ್ಮ ಇಮ್ಯುನಿಟಿ ನಿಮ್ಮ ಹತ್ರಾನೇ ಇರ್ಲಿ. ನಲ್ಲಿ ನೀರು ಕುಡಿದು ಪರೀಕ್ಷೆ ಮಾಡ್ಕೊಳ್ಳೋ ಆಸೆ ಇದ್ರೆ ನೀವೊಬ್ರೇ ಕುಡೀರಿ, ಹೊಟ್ಟೆ ನಿಮ್ಮದು. ಮಗುವಿನ ಹೊಟ್ಟೆ ನಿಮ್ಮ ಬಾಲ್ಯದ ಸರ್ಟಿಫಿಕೇಟ್ ತೋರಿಸೋ ಜಾಗ ಅಲ್ಲ. ಹೋಟೆಲ್ ರೂಮಿನ ಬಾಗಿಲು ತೆಗೆದ ಕೂಡಲೇ ವೈಫೈ ಪಾಸ್‌ವರ್ಡ್ ಹುಡುಕೋ ಬದಲು ಕೆಟಲ್ ಎಲ್ಲಿದೆ ಅಂತ ಹುಡುಕಿ. ಚೆನ್ನಾಗಿ ತೊಳೆದು, ನೀರು ತುಂಬಿ, ಸ್ವಿಚ್ ಒತ್ತಿ. ಯಾರೂ ಹೇಳದೆ.